ಸ್ಪ್ರಿಂಗ್ ಇಲ್ಲದ ಕೋಲು

ಜಲನಗರದಲ್ಲಿ ಪೈಲಟ್ ಕಾಕಾನ ಮನೆ ಯಾವುದು ಎಂದು ಯಾವ ಆಟೋದವನನ್ನು ಕೇಳಿದರೂ ಬಾಗಿಲಿಗೇ ತಂದು ಇಳಿಸುತ್ತಾನೆ. ಪೈಲಟ್ ಕಾಕಾ ಅಂದರೆ ಶಿವಯೋಗೆಪ್ಪ. ಹುಟ್ಟಿದ್ದು ತಿಕೋಟಾ, ಹೆಣ್ಣು ತಂದದ್ದು ಬಬಲೇಶ್ವರದಿಂದ, ಮನೆ ಕಟ್ಟಿಸಿದ್ದು ವಿಜಯಪುರದಲ್ಲಿ. ಹೆಲಿಕಾಪ್ಟರನ್ನು ಮಾತ್ರ ಅವನು ಜನ್ಮದಲ್ಲಿ ಹಾರಿಸಿದವನಲ್ಲ. ಏರ್‌ಫೋರ್ಸಿನಲ್ಲಿ ಫಿಟರ್ ಆಗಿದ್ದ. ಚೇತಕ್ ಹೆಲಿಕಾಪ್ಟರಿನ ಹೊಟ್ಟೆಯೊಳಗೆ ತಲೆ ತುರುಕಿ, ಪೈಲಟ್ ಹಿಡಿಯುವ ಕೋಲಿನಿಂದ ಮೇಲೆ ತಿರುಗುವ ರೆಕ್ಕೆಗಳವರೆಗೆ ಹೋಗುವ ಸರಳುಗಳನ್ನು ಜೋಡಿಸುವುದು, ಬಿಗಿ ಮಾಡುವುದು, ಮತ್ತೆ ಸಡಿಲು ಮಾಡುವುದು ಅವನ ಕೆಲಸ. ನೌಕರಿ ಮುಗಿಸಿ ಬಂದು ತಿಕೋಟಾದಲ್ಲಿ ದ್ರಾಕ್ಷಿ ಹಚ್ಚಿದಾಗ ಜನ ತಾವಾಗಿಯೇ ಪೈಲಟ್ ಅಂದರು. ಅವನು ಹೌದು ಅನ್ನಲಿಲ್ಲ. ಅಲ್ಲ ಅನ್ನುವುದಕ್ಕೂ ಅಂಥ ಅವಸರ ತೋರಿಸಲಿಲ್ಲ.

ಅವನ ಬೆಣ್ಣೆಯ ಕತೆ ಕೇಳದವರು ಆ ಓಣಿಯಲ್ಲಿ ಇನ್ನೂ ಹುಟ್ಟಬೇಕು. ರಾಜಸ್ಥಾನದಲ್ಲಿದ್ದಾಗ ರಿಪೇರಿ ಆದ ಹೆಲಿಕಾಪ್ಟರನ್ನು ಪರೀಕ್ಷೆಗೆ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಇವನೂ ಕೂತನಂತೆ. ಕಾಲ ಬಳಿ ಮೊಸರಿನ ಕ್ಯಾನು ಇಟ್ಟುಕೊಂಡಿದ್ದನಂತೆ. ಮರುಭೂಮಿಯ ಮೇಲೆ ಒಂದು ಸುತ್ತು ಹಾಕಿ ಇಳಿಯುವುದರೊಳಗೆ ಆ ನಡುಕಕ್ಕೆ ಮೊಸರು ಕಡೆದು ಬೆಣ್ಣೆ ತೇಲುತ್ತಿತ್ತಂತೆ. ಮೊದಲ ಸಲ ಹೇಳಿದಾಗ ಬೆಣ್ಣೆ ನಿಂಬೆಹಣ್ಣಿನಷ್ಟಿತ್ತು. ವರ್ಷ ಕಳೆದಂತೆ ಕುಂಬಳಕಾಯಿ ಆಯಿತು. ಈಚೆಗೆ ಅದನ್ನು ಕಾಯಿಸಿದ ತುಪ್ಪದಲ್ಲಿ ಇಡೀ ಕ್ಯಾಂಪಿಗೆ ಹೋಳಿಗೆ ಊಟ ಆಗಿದೆ. ಬೆಣ್ಣೆಯ ಅಳತೆ ಏನೇ ಇರಲಿ, ಹೆಲಿಕಾಪ್ಟರ್ ಹಲ್ಲು ಸಡಿಲಾಗುವಷ್ಟು ನಡುಗುವುದಂತೂ ನಿಜ.

ಇಂಥ ಮನುಷ್ಯನ ಮನೆಗೆ ಈ ಶ್ರಾವಣದಲ್ಲಿ ಲಕ್ವಾ ಬಂದು ಬಾಗಿಲು ಬಡಿದು ಹೋಯಿತು. ಒಳಗೆ ಬಂದು ಕೂಡಲಿಲ್ಲ, ಅದೊಂದು ಪುಣ್ಯ. ಕಾಲು ಉಳಿಯಿತು, ಮಾತು ಉಳಿಯಿತು. ಮಾತು ಸ್ವಲ್ಪ ದಿನ ಹೋಗಿದ್ದರೆ ಓಣಿಯವರಿಗೂ ವಿಶ್ರಾಂತಿ ಸಿಗುತ್ತಿತ್ತು ಎಂದು ಹೆಂಡತಿ ನೀಲಾಬಾಯಿ ಆಮೇಲೆ ಅಂದದ್ದುಂಟು. ಎಡಗೈ ಮಾತ್ರ ಸೋತಿತು. ಲೋಟ ಹಿಡಿದರೆ ಹಿಡಿದಿದ್ದೇನೆಂದು ಅವನಿಗೆ ಅನ್ನಿಸುತ್ತಿತ್ತು, ಲೋಟ ನೆಲದ ಮೇಲಿರುತ್ತಿತ್ತು. ಆಸ್ಪತ್ರೆಯಿಂದ ಬಂದ ದಿನವೇ ನೀಲಾಬಾಯಿ ಮೋಟಾರ್‌ಸೈಕಲ್ಲಿನ ಕೀಲಿ ತೆಗೆದು ದೇವರ ಜಗಲಿಯ ಮೇಲೆ ಇಟ್ಟಳು.

ಅಲ್ಲಿಂದ ಮನೆಯಲ್ಲಿ ಒಂದೇ ವಿಷಯ. ದಸರೆ ಹತ್ತಿರ ಬಂದಿತ್ತು, ಅದರ ಬೆನ್ನಿಗೆ ಚಾಟಣಿ. ಚಾಟಣಿ ಅಂದರೆ ದ್ರಾಕ್ಷಿ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ. ಎಲ್ಲಿ ಕತ್ತರಿಸಿದರು ಎನ್ನುವುದರ ಮೇಲೆ ವರ್ಷದ ಬೆಳೆ ನಿಂತಿರುತ್ತದೆ. ಇಷ್ಟು ವರ್ಷ ಪ್ರತಿಯೊಂದು ಸಾಲಿನಲ್ಲೂ ಶಿವಯೋಗೆಪ್ಪ ತಾನೇ ನಿಂತು ತೋರಿಸಿದ್ದ. ಈ ಸಲವೂ ತಾನೇ ಗಾಡಿ ಹೊಡೆದುಕೊಂಡು ತೋಟಕ್ಕೆ ಹೋಗಬೇಕು ಅನ್ನುವುದು ಅವನ ಹಟ.

"ಬಸ್ಸಿಗೆ ಹೋಗ್ರಿ," ಅಂದಳು ನೀಲಾಬಾಯಿ.

"ಬಸ್ಸು ರಸ್ತಾದಾಗ ಇಳಿಸಿ ಹೋಗ್ತೈತಿ. ಅಲ್ಲಿಂದ ತ್ವಾಟಕ್ಕ ಏನ್ ಹಾರಿ ಹೋಗ್ಲೇನಬೇ?"

"ಪೈಲಟ್ ಅದೀರಲ್ಲ, ಹಾರ್ರಿ."

"ಕೀಲಿ ಕೊಡು."

"ಕ್ಲಚ್ ಎಡಗೈಲೆ ಹಿಡೀಬೇಕಂತ ನನಗೂ ಗೊತ್ತೈತ್ರಿ. ಚಾ ಲೋಟ ಹಿಡೀರಿ ಮೊದ್ಲ."

ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸುವ ರುಕ್ಸಾರ ಅವನ ಕೈಗೊಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಈ ವಯಸ್ಸಿನಲ್ಲಿ ಚೆಂಡು ಹಿಚುಕುತ್ತ ಕೂಡಲು ಅವನಿಗೆ ನಾಚಿಕೆ. "ಚೆಂಡು ಬ್ಯಾಡಂದ್ರ ಬಿಡ್ರಿ ಅಜ್ಜಾರ, ಮನ್ಯಾಗ ಮಮ್ಮಗಂದು ಕಂಪ್ಯೂಟರ್ ಐತಿ ಅಂತೀರಿ, ಅದರಾಗ ಆಟ ಆಡ್ರಿ. ಕೈಗೆ ಕೆಲಸ ಸಿಕ್ರ ಸಾಕು," ಅಂದಳು. ಮೊಮ್ಮಗ ಸಂಗು ಧಾರವಾಡದ ಹಾಸ್ಟೆಲ್ಲಿಗೆ ಹೋಗುವಾಗ ಕಂಪ್ಯೂಟರ್, ಅದರೊಳಗಿನ ವಿಮಾನ ಹಾರಿಸುವ ಆಟ, ಒಂದು ಹೊಸ ಜಾಯ್‌ಸ್ಟಿಕ್ಕು, ಒಂದು ಕೆಟ್ಟ ಜಾಯ್‌ಸ್ಟಿಕ್ಕು ಎಲ್ಲ ಬಿಟ್ಟು ಹೋಗಿದ್ದ. ಹುಡುಕಿದರೆ ಆ ಆಟದಲ್ಲಿ ಹೆಲಿಕಾಪ್ಟರೂ ಸಿಕ್ಕಿತು.

ಶಿವಯೋಗೆಪ್ಪ ಕನ್ನಡಕ ಏರಿಸಿ ಕೂತು ವಿಜಯಪುರದ ಮೇಲೆ ಹಾರಿದ. ಗೋಳಗುಮ್ಮಟ ಮೇಲಿಂದ ತಟ್ಟಿದ ರೊಟ್ಟಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಅದನ್ನು ಕ್ಷಮಿಸಿದ. ಆದರೆ ಕೈಯಲ್ಲಿನ ಕೋಲನ್ನು ಕ್ಷಮಿಸಲಿಲ್ಲ.

"ನೋಡಬೇ, ಇದನ್ನ ಬಿಟ್ರ ತಾನ ನಡುವಿಗೆ ಬಂದು ನಿಂದರ್ತೈತಿ. ಒಳಗ ಸ್ಪ್ರಿಂಗ್ ಐತಿ. ನಮ್ಮ ಚೇತಕ್ಕಿನಾಗ ಕೋಲು ನೀ ಎಲ್ಲಿ ಇಟ್ಟೀ ಅಲ್ಲೇ. ಇಟ್ಟದ್ದು ತಪ್ಪಾದ್ರ ತಪ್ಪು. ತಿದ್ದಾಕ ಸ್ಪ್ರಿಂಗ್ ಬರಂಗಿಲ್ಲ."

"ಮತ್ತ ಎಡಗೈ ಏನ್ ಮಾಡ್ತಿತ್ರಿ ಅದರಾಗ?" ಒಲೆಯ ಮುಂದಿನಿಂದ ನೀಲಾಬಾಯಿ ಕೇಳಿದಳು. ಅವಳಿಗೆ ಬೇಕಾದದ್ದು ಎಡಗೈಯ ಸುದ್ದಿ.

"ಎಡಗೈದ ಮುಖ್ಯ. ಸೀಟಿನ ಬಾಜೂಕ ಜೀಪಿನ ಹ್ಯಾಂಡ್‌ಬ್ರೇಕ್ ಇದ್ದಂಗ ಉದ್ದನ್ನ ಕೋಲು. ಎತ್ತಿದಿ ಅಂದ್ರ ಹೆಲಿಕಾಪ್ಟರ್ ಎದ್ದಿತು, ಇಳಿಸಿದಿ ಅಂದ್ರ ಇಳೀತು. ಎತ್ತಿದ ಕೂಡ್ಲೆ ಮೂತಿ ಒಂದ್ ಕಡೆ ತಿರಗ್ತೈತಿ, ಅದನ್ನ ಕಾಲಿನ ಪೆಡಲ್‌ಲೆ ಹಿಡೀಬೇಕು. ಕಾಲು ಒತ್ತಿದ್ರ ಹೆಲಿಕಾಪ್ಟರ್ ಬಾಜೂಕ ಸರೀತೈತಿ, ಅದಕ್ಕ ಬಲಗೈ ಬೇಕು. ಇಲ್ಲಿ ನೋಡು, ಎಡಗೈ ಕೆಲಸಕ್ಕ ಬೆರಳಿನಷ್ಟು ಕಡ್ಡಿ. ಕಾಲಿಗೆ ಕೆಲಸಾನ ಇಲ್ಲ, ಮಣಿಕಟ್ಟು ತಿರುವಿದ್ರ ಆತು."

"ನಾ ರೊಟ್ಟಿ ಬಡಿಯೂದೂ ಹಂಗ ಐತ್ರಿ. ಒಂದ್ ಕೈ ಬಡೀತೈತಿ, ಒಂದ್ ಕೈ ತಿರವತೈತಿ, ಕಾಲು ಬೆಕ್ಕ ಓಡಸ್ತೈತಿ. ನನಗ ಯಾರೂ ಪೈಲಟ್ ಅನ್ನಲಿಲ್ಲ."

ಆ ರವಿವಾರ ತೋಟದ ಸುದ್ದಿ ಹೇಳಲು ಮುಬೀನ ಬಂದ. ಮುಬೀನನದು ತಿಕೋಟಾ ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ. ದ್ರಾಕ್ಷಿ ಚಪ್ಪರದ ಕಬ್ಬಿಣದ ಕೆಲಸವೆಲ್ಲ ಅವನದೇ. ಚೇತಕ್ಕಿನಲ್ಲಿದ್ದಂಥ ಕೋಲು, ಪೆಡಲ್ಲು ಮಾಡಿಕೊಡು ಎಂದು ಕಾಕಾ ಹೇಳಿದ್ದನ್ನು ಅರ್ಧ ಕೇಳಿ, ಅರ್ಧ ಬಿಟ್ಟು, ಕೆಟ್ಟ ಜಾಯ್‌ಸ್ಟಿಕ್ಕನ್ನು ಚೀಲಕ್ಕೆ ಹಾಕಿಕೊಂಡು ಹೋದ. ಬಬಲೇಶ್ವರದಲ್ಲಿ ನೀಲಾಬಾಯಿಯ ತಮ್ಮನ ಹಿತ್ತಲಿನಲ್ಲಿ ಹಳೆಯ ಟ್ರ್ಯಾಕ್ಟರ್ ಒಂದು ಬಿದ್ದಿತ್ತು. ಅದರ ಲಿವರ್ ಬಿಚ್ಚಿ ತಂದು, ಒಂದು ಕುರ್ಚಿಯ ಎಡಕ್ಕೆ ಕೂಡಿಸಿ, ಬುಡಕ್ಕೆ ಚರ್ಮದ ವಾಷರ್ ಹಾಕಿ ನಟ್ಟು ಬಿಗಿದ. ಬಿಟ್ಟಲ್ಲೇ ನಿಲ್ಲಬೇಕು, ಎತ್ತಿದರೆ ಏಳಬೇಕು, ಹಾಗೆ. ಸೈಕಲ್ಲಿನ ಎರಡು ಪೆಡಲ್ಲುಗಳನ್ನು ಒಂದು ಪಟ್ಟಿಗೆ ಜೋಡಿಸಿದ. ಒಂದನ್ನು ಒತ್ತಿದರೆ ಇನ್ನೊಂದು ಹಿಂದೆ ಬರುತ್ತಿತ್ತು. ನಡುವೆ ಸ್ಪ್ರಿಂಗ್ ಕಿತ್ತ ಕೋಲು. ಕೆಟ್ಟ ಜಾಯ್‌ಸ್ಟಿಕ್ಕಿನ ವೈರುಗಳನ್ನು ಇದಕ್ಕೆ ಹೊಂದಿಸಲು ಪೇಟೆಯ ಕಂಪ್ಯೂಟರ್ ರಿಪೇರಿಯವನನ್ನು ಹಿಡಿದ. ಎಲ್ಲವನ್ನೂ ಟಂಟಂ ಆಟೋದ ಮೇಲೆ ಹೇರಿಕೊಂಡು ಜಲನಗರಕ್ಕೆ ತಂದಾಗ, ಪೈಲಟ್ ಕಾಕಾ ಎಣ್ಣಿ ಗಾಣ ಹಾಕಾಕತ್ತಾನ ಎಂದು ಓಣಿಯಲ್ಲಿ ಸುದ್ದಿಯಾಯಿತು.

"ನಡುಕ ಒಂದು ಉಳೀತು ನೋಡ್ರಿ ಕಾಕಾ. ಬೇಕಂದ್ರ ಹಿಟ್ಟಿನ ಗಿರಣಿ ಬಾಜೂಕ ಕುರ್ಚಿ ಹಾಕೂನು. ಬೆಣ್ಣಿನೂ ಬರ್ತೈತಿ," ಅಂದ ಮುಬೀನ.

"ಸುಮ್ನಿರಲೇ," ಅಂದ ಶಿವಯೋಗೆಪ್ಪ. ಕೂತ. ಎತ್ತಿದ. ಹೆಲಿಕಾಪ್ಟರ್ ಎದ್ದಿತು, ಮೂತಿ ತಿರುಗಿತು, ಕಾಲು ಹೇಗೋ ಹಿಡಿಯಿತು. ಆಮೇಲೆ ಮೆಲ್ಲಗೆ ಇಳಿಯತೊಡಗಿ ಯಾರದೋ ಹೊಲದಲ್ಲಿ ಕೂತು ಪಕ್ಕಕ್ಕೆ ಉರುಳಿತು. ಮತ್ತೆ ಎತ್ತಿದ. ಮತ್ತೆ ಉರುಳಿತು.

"ನಟ್ಟು ಸಡಲ ಆಗೈತಿ. ಲಿವರ್ ಜಾರಾಕತ್ತೈತಿ."

ಮುಬೀನ ನಟ್ಟು ಬಿಗಿ ಮಾಡಿದ. ಈಗ ಎತ್ತಲಿಕ್ಕೇ ಆಗಲಿಲ್ಲ. ಸ್ವಲ್ಪ ಬಿಟ್ಟ. ಮತ್ತೆ ಜಾರಿತು. ವಾಷರ್ ಬದಲಿಸಿದ. ಜಾರಿತು. "ನಟ್ಟು ಬರೋಬರಿ ಐತ್ರಿ ಕಾಕಾ," ಎಂದು ಮೆಲ್ಲಗೆ ಅಂದು, ಕಾಕಾನ ಮುಖ ನೋಡಿ, "ಇಲ್ಲ, ಟ್ರ್ಯಾಕ್ಟರಿನ ಮಾಲು ಹಂಗ. ಹಳೇದಾಗೈತಿ," ಎಂದು ತಾನೇ ತಿದ್ದಿಕೊಂಡು ಚಹಾ ಕುಡಿದು ಹೋದ.

ಮರುದಿನ ಶಿವಯೋಗೆಪ್ಪ ಟ್ರ್ಯಾಕ್ಟರಿನ ಲಿವರನ್ನು ಮುಟ್ಟಲಿಲ್ಲ. ಸಂಗುವಿನ ಹೊಸ ಜಾಯ್‌ಸ್ಟಿಕ್ಕನ್ನೇ ಮುಂದಿಟ್ಟುಕೊಂಡ. ಆಟದಲ್ಲಿ ಸುಲಭವಾಗಿ ಹಾರುವುದಕ್ಕೆ ಸಂಗು ಫೋನಿನಲ್ಲಿ ಒಂದು ಗುಂಡಿ ಹೇಳಿಕೊಟ್ಟಿದ್ದ. ಅದನ್ನು ಒತ್ತಿದ. ನೀಲಾಬಾಯಿ ಸಂಜೆಯ ಚಹಾಕ್ಕೆ ನೀರಿಡುತ್ತಿದ್ದಳು.

"ಕೇಳಿಲ್ಲಿ. ನಿನ್ನ ಚಾ ಕುದಿಯೂತನಕ ಗೋಳಗುಮ್ಮಟದ ನೆತ್ತಿ ಮ್ಯಾಲ ಹೆಲಿಕಾಪ್ಟರ್ ಅಳ್ಳಾಡದಂಗ ನಿಂದರಸ್ತೀನಿ. ನಿಂದರಿಸಿದ್ರ ಕೀಲಿ ಕೊಡ್ತೀಯೇನು?"

"ಕೊಡ್ತೀನ್ರಿ," ಅಂದಳು. ಇಷ್ಟು ಬೇಗ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ.

ನೀರು ಕುದಿಯಿತು, ಸಕ್ಕರೆ ಬಿತ್ತು, ಹಾಲು ಬಿತ್ತು, ಉಕ್ಕಿ ಬಂತು. ಹೆಲಿಕಾಪ್ಟರ್ ಆಕಾಶಕ್ಕೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಶಿವಯೋಗೆಪ್ಪನ ಎಡಗೈ ಮೇಜಿನ ಮೇಲೆ, ಬೆರಳಿನಷ್ಟು ಕಡ್ಡಿಯ ಹತ್ತಿರ ಬಹಳ ಜವಾಬ್ದಾರಿಯಿಂದ ಮಲಗಿತ್ತು. ನೀಲಾಬಾಯಿ ಸೆರಗಿಗೆ ಕೈ ಒರೆಸುತ್ತ ಬಂದು ಕುರ್ಚಿಯ ಹಿಂದೆ ನಿಂತು ನೋಡಿದಳು.

"ಭಾಳ ಚಲೋ ನಿಂತೈತ್ರಿ."

"ಮತ್ತ?"

"ಈಗ ಕೈ ತೆಗೀರಿ."

"ಹಾಂ?"

"ಎರಡೂ ಕೈ ತೆಗೆದು ತೊಡಿ ಮ್ಯಾಲ ಇಟಗೋರಿ."

ಬೇರೆ ದಾರಿ ಇರಲಿಲ್ಲ. ತೆಗೆದ. ಸ್ಪ್ರಿಂಗ್ ಟಕ್ ಎಂದು ಕೋಲನ್ನು ನಡುವಿಗೆ ತಂದಿತು. ಹೆಲಿಕಾಪ್ಟರ್ ನಿಂತಲ್ಲೇ ನಿಂತಿತ್ತು. ಇನ್ನಷ್ಟು ಗಟ್ಟಿಯಾಗಿ ನಿಂತ ಹಾಗೆ ಕಂಡಿತು.

"ಹಂಗಾರ ಇಷ್ಟೊತ್ತು ಹಿಡಿದಿದ್ದವ್ರು ಯಾರ್ರಿ?" ಅಂದಳು ನೀಲಾಬಾಯಿ. ದನಿಯಲ್ಲಿ ಗೆದ್ದ ಹುರುಪು ಇರಲಿಲ್ಲ. ಚಹಾ ತಂದು ಅವನ ಬಲಗಡೆ ಇಟ್ಟಳು. ಜಗಲಿಯಿಂದ ಕೀಲಿ ತಂದು ಅದರ ಪಕ್ಕ ಇಟ್ಟಳು. "ಮಾತು ಕೊಟ್ಟೀನಿ. ಕೀಲಿ ಇಲ್ಲಿ ಐತಿ. ಹೋಗೂದು ಬಿಡೂದು ನೀವ ನೋಡ್ರಿ."

ಶಿವಯೋಗೆಪ್ಪ ಚಹಾ ಕುಡಿದ. ಅವಳು ಬಯ್ದಿದ್ದರೆ ಕೀಲಿ ಎತ್ತಿಕೊಂಡು ಹೊರಟೇಬಿಡುತ್ತಿದ್ದ, ಅಂಥ ಮನುಷ್ಯ. ಬಯ್ಯಲಿಲ್ಲವಾದ್ದರಿಂದ ಕೂತ. ಕೂತಲ್ಲಿ ಅವನಿಗೆ ಅಂಬಾದಾಸ ನೆನಪಾದ. ಅಂಬಾದಾಸ ಅವನ ಜೊತೆಯ ಫಿಟರ್. ರೆಕ್ಕೆಯ ಕೋನ ಅಳೆಯುವಾಗ ಅಂಬಾದಾಸ ಮೇಲೆ ಹತ್ತುತ್ತಿದ್ದ, ಶಿವಯೋಗೆಪ್ಪ ಪೈಲಟ್ ಸೀಟಿನಲ್ಲಿ ಎಡಗೈ ಕೋಲು ಹಿಡಿದು ಕೂಡುತ್ತಿದ್ದ. ಮೇಲಿದ್ದವನಿಗೆ ಕೆಳಗಿನ ಕೈ ಕಾಣದು, ಕೆಳಗಿದ್ದವನಿಗೆ ಮೇಲಿನ ರೆಕ್ಕೆ ಕಾಣದು. ಕೋಲು ಸರಿದರೆ ಮೇಲಿನವನೇ ಕೂಗಿ ಹೇಳಬೇಕು. ತನ್ನ ಕೈ ಸರಿದಿಲ್ಲ ಎಂದು ಕೆಳಗಿನವನು ಹೇಳಿದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ನೀಲಾ, ಇಲ್ಲಿ ಬಾ. ಈ ಲಿವರ್ ಅರ್ಧ ಎತ್ತಿ ಬಿಡು."

ಅವಳು ಟ್ರ್ಯಾಕ್ಟರಿನ ಲಿವರನ್ನು ಎತ್ತಿ ಬಿಟ್ಟಳು. ಬಿಟ್ಟಲ್ಲೇ ನಿಂತಿತು.

"ಅದು ಎಲ್ಲಿ ನಿಂತೈತಿ, ಅಲ್ಲೇ ಕುರ್ಚಿ ಬಾಜೂಕ ಕುಂಕುಮ ಹಚ್ಚು."

ಹಚ್ಚಿದಳು. ಅವನು ಎಡಗೈಯನ್ನು ಬಲಗೈಯಿಂದ ಎತ್ತಿ ಲಿವರ್ ಮೇಲೆ ಇಟ್ಟ. ಬೆರಳು ಸುತ್ತಿಕೊಂಡವು. ಕಣ್ಣು ಮುಚ್ಚಿದ. ಹೊರಗೆ ಬದನೆಕಾಯಿ ಮಾರುವವನು ಕೂಗುತ್ತ ಹೋದ. ಅವನ ದನಿ ಓಣಿಯ ತಿರುವು ದಾಟಿತು.

"ನನ್ನ ಕೈ ಅಲ್ಲೇ ಐತಿ," ಅಂದ ಶಿವಯೋಗೆಪ್ಪ. "ಎಲ್ಲೈತಿ ಹೇಳು."

ನೀಲಾಬಾಯಿ ಬಗ್ಗಿ ನೋಡಿದಳು. "ಕುಂಕುಮ ಮ್ಯಾಲ ಉಳದೈತ್ರಿ. ಕೈ ತಳಕ್ಕ ಹತ್ತೈತಿ."

ಕಣ್ಣು ತೆರೆದು ನೋಡಿದ. ಹೌದು. ನಟ್ಟು ಜಾರಿರಲಿಲ್ಲ. ಲಿವರನ್ನು ಬಿಟ್ಟರೆ ನಿಲ್ಲುತ್ತಿತ್ತು. ಅವನ ಕೈಯ ಭಾರಕ್ಕೆ ಇಳಿಯುತ್ತಿತ್ತು, ಮತ್ತು ಆ ಸುದ್ದಿ ಕೈಯಿಂದ ತಲೆಗೆ ಬರುತ್ತಿರಲಿಲ್ಲ.

"ಮುಬೀನನ ಕೆಲಸದಾಗ ಸುಮ್ಮಸುಮ್ನ ತಪ್ಪು ಹುಡುಕಿದೆ," ಅಂದ.

"ಅವಂಗ ರೂಢಿ ಐತಿ ಬಿಡ್ರಿ."

"ಕ್ಲಚ್ ಹಿಡದೀನಿ ಅಂತ ನಾ ತಿಳಕೊಂಡಿರ್ತಿದ್ದೆ. ತೊರವಿ ರಸ್ತಾದಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಿರ್ತಿತ್ತು."

ನೀಲಾಬಾಯಿ ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಕೀಲಿ ಮಾತ್ರ ಮೇಜಿನ ಮೇಲೇ ಇತ್ತು. ಅವಳು ಮುಟ್ಟಲಿಲ್ಲ, ಅವನೂ ಮುಟ್ಟಲಿಲ್ಲ. ಮುಂದೆ ದಿನಾ ಬೆಳಿಗ್ಗೆ ಅವನು ಆ ಕುರ್ಚಿಯಲ್ಲಿ ಕೂತು, ಕಂಪ್ಯೂಟರ್ ಹಚ್ಚದೆಯೇ, ಲಿವರ್ ಎತ್ತಿ ಹಿಡಿಯುವುದನ್ನು ರೂಢಿಸಿದ. ರೊಟ್ಟಿ ಬಡಿಯುತ್ತ ನೀಲಾಬಾಯಿ ಒಳಗಿನಿಂದ ಇಣುಕಿ "ಇಳೀತು," "ಇನ್ನೂ ನಿಂತೈತಿ," "ಇಳೀತ್ರಿ" ಎಂದು ಹೇಳುತ್ತಿದ್ದಳು. ಅಂಬಾದಾಸನಿಗಿಂತ ಅವಳ ಗಂಟಲು ಜೋರು ಎಂದು ರುಕ್ಸಾರಳ ಮುಂದೆ ಶಿಫಾರಸು ಮಾಡಿ ಬಂದ.

ದಸರೆ ಮುಗಿಯಿತು. ಚಾಟಣಿಯ ದಿನ ಬೆಳಿಗ್ಗೆ ಮುಬೀನ ಬಂದಾಗ ಶಿವಯೋಗೆಪ್ಪ ಟೋಪಿ ಹಾಕಿಕೊಂಡು ತಯಾರಾಗಿ ನಿಂತಿದ್ದ. ಕೀಲಿಯನ್ನು ತಾನೇ ಎತ್ತಿ ಮುಬೀನನ ಕೈಗೆ ಹಾಕಿದ.

"ಗಾಡಿ ನೀ ಹೊಡಿ. ನಾ ಹಿಂದ ಕುಂಡರ್ತೀನಿ."

ಮುಬೀನ ನೀಲಾಬಾಯಿಯ ಕಡೆ ನೋಡಿದ. ಅವಳು ಬುತ್ತಿಯ ಗಂಟು ಕೊಟ್ಟು, "ಅವರನ್ನ ನಡುವ ಇಳಿಸಿ ಬರಬ್ಯಾಡಪ್ಪ, ಎಷ್ಟು ಮಾತಾಡಿದ್ರೂ," ಅಂದಳು.

ತೊರವಿ ದಾಟುವವರೆಗೆ ಶಿವಯೋಗೆಪ್ಪ ಟೋಪಿ ಹಿಡಿದುಕೊಂಡು ಕೂತಿದ್ದ. ಆಮೇಲೆ ಬಲಗೈಯಿಂದ ಮುಬೀನನ ಭುಜ ಒತ್ತತೊಡಗಿದ. ಎಡಕ್ಕೆ ಹೋಗಬೇಕಾದರೆ ಒಂದು ನಮೂನೆ, ನಿಧಾನಕ್ಕೆ ಇನ್ನೊಂದು ನಮೂನೆ.

"ಕಾಕಾ, ಭುಜ ಹಿಚಕಿದ್ರ ಬ್ರೇಕ್ ಬೀಳಂಗಿಲ್ರಿ."

"ಹೆಲಿಕಾಪ್ಟರಿನಾಗ ಕಲಿಸಾವಗ ಬ್ಯಾರೇನ ಕೋಲು ಇರ್ತೈತಲೇ. ಇಬ್ಬರಿಗೂ ಎಲ್ಲಾನೂ ಎರಡೆರಡು. ನಿನ್ನ ಅಂಗಡ್ಯಾಗ ಇದಕ್ಕೊಂದು ಹಿಂದಿನ ಹ್ಯಾಂಡಲ್ ಮಾಡಾಕ ಬರ್ತೈತೇನು?"

"ಮಾಡಾಕ ಬರ್ತೈತ್ರಿ. ಆಮ್ಯಾಲ ನಾ ಬಸ್ಸಿಗೆ ಬರ್ತೀನಿ."

ತೋಟದಲ್ಲಿ ಆಳುಗಳು ಕತ್ತರಿ ಹಿಡಿದು ಕಾಯುತ್ತಿದ್ದರು. ಎಷ್ಟೋ ವರ್ಷದಿಂದ ಇದೇ ತೋಟಕ್ಕೆ ಬರುವ ಮಲಕವ್ವ ಎಲ್ಲರಿಗಿಂತ ಮುಂದೆ ನಿಂತಿದ್ದಳು. "ಏನ್ರಿ ಸಾವ್ಕಾರ, ಈ ಸಲ ಹಿಂದ ಕುಂತು ಬಂದೀರಿ?"

"ದೊಡ್ಡ ಸಾಹೇಬ್ರು ಹಿಂದ ಕುಂಡ್ರೂದಬೇ. ಏರ್‌ಫೋರ್ಸಿನಾಗ ನಮ್ಮ ಕಮಾಂಡರ್ ಹಿಂದ ಕುಂತು, ಬರೀ ಕೆಮ್ಮಿನ ಮ್ಯಾಲ ಹೆಲಿಕಾಪ್ಟರ್ ನಡಸ್ತಿದ್ದ. ಒಂದ್ ಕೆಮ್ಮು ಕೆಮ್ಮಿದ್ರ ಎಡಕ್ಕ, ಎರಡ್ ಕೆಮ್ಮಿದ್ರ ಬಲಕ್ಕ. ಒಂದ್ ದಿನ ಪಾಪ ಅವಂಗ ನೆಗಡಿ ಬಂತು ನೋಡು..."

"ನೆಗಡಿ ಊಟದ ಹೊತ್ತಿಗೆ ಬರಲಿ ಬಿಡ್ರಿ. ಬಿಸಲಾಗ್ತೈತಿ. ಎಲ್ಲಿ ಕತ್ತರಸೂದು ಮೊದ್ಲ ತೋರಸ್ರಿ."

ಶಿವಯೋಗೆಪ್ಪ ಮೊದಲ ಸಾಲಿನ ಮೊದಲ ಬಳ್ಳಿಯ ಮುಂದೆ ನಿಂತ. ಬಲಗೈಯ ಬೆರಳನ್ನು ಕಡ್ಡಿಯ ಗುಂಟ ಸರಿಸುತ್ತ ಹೋಗಿ, ಚಿಗುರೊಡೆಯಲು ಉಬ್ಬಿದ ಒಂದು ಕಣ್ಣಿನ ಮೇಲೆ ನಿಲ್ಲಿಸಿದ.

"ಇಲ್ಲಿ," ಅಂದ.

ಮಲಕವ್ವ ಕತ್ತರಿಸಿದಳು.