ಚೆಲ್ಲಿದ ಎಣ್ಣೆಗಾಯಿ

ಎಸ್ಕಲೇಟರ್ ಎರಡನೆಯ ಮಹಡಿ ದಾಟುವಾಗಲೇ ಆ ವಾಸನೆ ಬಂತು. ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದ ಕೂಡಲೇ ಏಳುವ ವಾಸನೆ. ಅದರಲ್ಲಿ ಸ್ವಲ್ಪ ಸುಟ್ಟ ಹಿಟ್ಟು, ಸ್ವಲ್ಪ ಮೊದಲ ಮಳೆಯ ಮಣ್ಣು. ವೈಟ್‌ಫೀಲ್ಡಿನ ಆ ಮಾಲಿನಲ್ಲಿ ಅತ್ತರಿನ ಅಂಗಡಿ, ಕಾಫಿ ಅಂಗಡಿ, ಬಿಸಿ ಎಣ್ಣೆಯಲ್ಲಿ ಕೋಳಿ ಕರಿಯುವ ಅಂಗಡಿ ಎಲ್ಲವನ್ನೂ ಹಿಂದೆ ಹಾಕಿ ಅದೊಂದೇ ನನ್ನನ್ನು ಹುಡುಕಿಕೊಂಡು ಇಳಿದು ಬಂದಂತಿತ್ತು. ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನವರು ಬಿರಿಯಾನಿಯೋ ಮೊಮೊವೋ ಎಂದು ಎರಡು ಗಂಟೆಯವರೆಗೆ ಜಗಳವಾಡಿ, ಕೊನೆಗೆ "ಹೋಗ್ಲಿ ಬಿಡಿ, ಇವತ್ತು ಗಂಗಾ ಮೇಡಂ ಕಡೆ ಊಟಾನೇ ಮಾಡೋಣ" ಎಂದು ನನ್ನ ತಲೆಗೆ ಉಪಕಾರ ಹೊರಿಸಿ ಕರೆತಂದಿದ್ದರು. ಯಾರ ಹೋಟೆಲಿಗೆ ಹೊರಟಿದ್ದೇವೆಂದು ನನಗೆ ಗೊತ್ತಿತ್ತು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೆ ಪುಕ್ಕಟೆ ಪ್ರಚಾರ ನನ್ನ ಕೈಯಿಂದ ಆಗುವುದು ಬೇಡ. ಪೀಣ್ಯದಲ್ಲಿ ಒಂದು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು, ಇಲ್ಲಿ ಒಂದು ಎಂದು ಅವನ ಬೋರ್ಡುಗಳು ಏಳುತ್ತಾ ಹೋದಾಗ ಬಸ್ಸಿನ ಕಿಟಕಿಯಿಂದಲೇ ಪ್ರತಿಯೊಂದಕ್ಕೂ ನಿನ್ನ ಒಲೆ ಆರಲಿ ಎಂದು ಶಾಪ ಹಾಕಿದ್ದೇನೆ. ಒಲೆ ಆರಲಿಲ್ಲ. "ಅವನ ಬಾಗಿಲಾ ತುಳೀಬ್ಯಾಡ, ಅವನ್ನ ಬೈಯಾಕೂ ಹೋಗಬ್ಯಾಡ" ಎಂದು ಅವ್ವ ಮಾತು ತೆಗೆದುಕೊಂಡಿದ್ದಳು. ಅವ್ವ ಹೋಗಿ ಎಂಟು ತಿಂಗಳಾಗಿತ್ತು.

ನಮ್ಮ ಖಾನಾವಳಿ ಇದ್ದದ್ದು ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಎರಡು ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡ ಶೀಟಿನ ಮನೆಯಲ್ಲಿ. ಖಾನಾವಳಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಎರಡು ಸಾಲು ಚಾಪೆ, ಮೂಲೆಯಲ್ಲಿ ನೀರಿನ ಹಂಡೆ, ಒಳಗೆ ಒಲೆ. ನನಗೆ ಮೂರು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಬಾದಾಮಿ ಕಡೆಯ ತವರಿಗೆ ವಾಪಸು ಹೋಗಲು ಒಪ್ಪದ ಅವ್ವ, ಅಪ್ಪನ ಜೊತೆ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದವರಿಗೇ ರೊಟ್ಟಿ ಬಡಿದು ಹಾಕತೊಡಗಿದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಐದಾರು ಜನ ಸೇರಿಕೊಂಡಿದ್ದ ಕೆಲಸಗಾರರೆಲ್ಲ ನಮ್ಮ ಚಾಪೆಯ ಮೇಲಿದ್ದರು. ಅವರ ಚಪ್ಪಲಿಯ ಅಡಿಯಲ್ಲಿ ಕಬ್ಬಿಣದ ಹೊಟ್ಟು ಮಿನುಗುತ್ತಿತ್ತು, ಎಷ್ಟು ತೊಳೆದರೂ ಕೈಗೆ ಮಷೀನಿನ ಎಣ್ಣೆಯ ವಾಸನೆ ಇರುತ್ತಿತ್ತು. ಪಕ್ಕದ ಕಾರ್ಖಾನೆಯ ಪ್ರೆಸ್ ಮಷೀನು ಧಡ್ ಎಂದಾಗೆಲ್ಲ ನಮ್ಮ ಗೋಡೆ ನಡುಗುತ್ತಿತ್ತು. ಅದರ ನಡುವೆ ಅವ್ವನ ಅಂಗೈ ಟಪಟಪ ಎಂದು ತನ್ನ ಪಾಡಿಗೆ ತಾನು ನಡೆದಿರುತ್ತಿತ್ತು. ಕರೆಂಟು ಹೋಗಿ ಮಷೀನು ನಿಂತಾಗ ಬೀದಿಗೆಲ್ಲ ಅದೊಂದೇ ಸದ್ದು.

ಆ ಬೀದಿಯಲ್ಲಿ ತಿನ್ನಲು ಏನಿರಲಿಲ್ಲ ಹೇಳಿ! ಮೂಲೆಯಲ್ಲಿ ಸೆಲ್ವಿ ಅಕ್ಕನ ಇಡ್ಲಿ ಗಾಡಿ. ಅದರಾಚೆ ಆಂಧ್ರ ಮೆಸ್, ಅಲ್ಲಿ ಬಿಸಿ ಅನ್ನದ ಮೇಲೆ ಪುಡಿ ಉದುರಿಸಿ ತುಪ್ಪ ಬಿಡುತ್ತಿದ್ದರು. ಎದುರಿಗೆ ಮಲಯಾಳಿ ಚಹದಂಗಡಿ, ಗಾಜಿನ ಕಪಾಟಿನಲ್ಲಿ ಬಾಳೆಹಣ್ಣಿನ ಬಜ್ಜಿ. ಸಂಜೆಯಾದರೆ ದಾವಣಗೆರೆಯವರ ಬೆಣ್ಣೆದೋಸೆ ವ್ಯಾನು ಬಂದು ನಿಲ್ಲುತ್ತಿತ್ತು. ಒಬ್ಬರ ತಿಂಡಿಯನ್ನು ಇನ್ನೊಬ್ಬರು ಮಾಡುತ್ತಿರಲಿಲ್ಲ. ಹಾಗೆಂದು ಯಾರೂ ಕರಾರು ಬರೆದಿರಲಿಲ್ಲ, ಅದೊಂದು ಮರ್ಯಾದೆ ಅಷ್ಟೆ. ನಮ್ಮಲ್ಲಿ ರೊಟ್ಟಿ ಮುಗಿದರೆ ಅವ್ವ "ಅಲ್ಲಿ ಅನ್ನ ಐತಿ, ಉಂಡು ಹೋಗ್ರಿ" ಎಂದು ಮೆಸ್ಸಿಗೆ ಕಳಿಸುತ್ತಿದ್ದಳು. ಅಮಾವಾಸ್ಯೆಯ ದಿನ ಖಾನಾವಳಿಗೆ ರಜೆ. ಅವತ್ತು ಅವ್ವ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ನನ್ನ ಕೈಹಿಡಿದು ಬೇರೆಯವರ ಕೈಯಡುಗೆ ಉಣ್ಣಲು ಹೊರಡುತ್ತಿದ್ದಳು. ಸೆಲ್ವಿ ಅಕ್ಕ ನನ್ನ ತಟ್ಟೆಗೆ ಚಟ್ನಿ ಸುರಿಯುತ್ತಾ, "ಏನ್ ಗಂಗೂ, ಅಮ್ಮನ ಖಾರ ತಿಂದು ತಿಂದು ನಂದೆಲ್ಲ ಸಪ್ಪೆ ಅನ್ಸುತ್ತಾ?" ಎಂದು ಕಾಡಿಸುತ್ತಿದ್ದಳು. ಊರು ಬಿಟ್ಟು ಬಂದ ಅಷ್ಟು ಜನರ ಅಷ್ಟು ಬಗೆಯ ಒಗ್ಗರಣೆಗಳು ಒಂದೇ ಗಾಳಿಯಲ್ಲಿ ಬೆರೆಯುತ್ತಿದ್ದ ಆ ಬೀದಿಯೇ ಬೆಂಗಳೂರು ಎಂದು ನಾನು ತಿಳಿದಿದ್ದೆ. ಈಗ ಅಲ್ಲಿ ಉದ್ದಕ್ಕೂ ಗೋದಾಮುಗಳು, ಕಬ್ಬಿಣದ ಷಟರುಗಳು.

ಅವ್ವನ ಒಂದು ಪದ್ಧತಿ ಹೇಳಬೇಕು. ಉಂಡವರು ಏಳುವ ಮುಂಚೆ ಅವಳು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: "ಹೊಟ್ಟಿ ತುಂಬಿತೇನಪಾ?" ಅವರು "ತುಂಬಿತ್ರಿ ಅಕ್ಕಾರ" ಎನ್ನಬೇಕು. ಹಾಗೆನ್ನದೆ ಯಾರೂ ಎದ್ದು ಕೈತೊಳೆಯುತ್ತಿರಲಿಲ್ಲ. ಕೊನೆಯ ಗಿರಾಕಿ ಹಾಗೆಂದ ಮೇಲೆಯೇ ಅವ್ವ ತನ್ನ ತಟ್ಟೆ ಹಾಕಿಕೊಳ್ಳುತ್ತಿದ್ದಳು. ಮೂರು ಗಂಟೆಯಾಗಲಿ, ನಾಲ್ಕಾಗಲಿ, ಅಲ್ಲಿಯವರೆಗೆ ಒಂದು ತುತ್ತೂ ಇಲ್ಲ. ಇದು ಅವಳ ತಾಯಿಯಿಂದ ಬಂದದ್ದಂತೆ. ಇನ್ನೊಂದು ಪದ್ಧತಿಯೂ ಇತ್ತು, ನಮ್ಮನ್ನು ಮುಳುಗಿಸಿದ್ದು ಅದೇ. ಯಾರಾದರೂ ಅಡುಗೆಯ ಮೇಲೆ ಅನುಮಾನದ ಮಾತಾಡಿದರೆ, ಆ ಮಾತು ನಿಜವಿರಲಿ ಸುಳ್ಳಿರಲಿ, ಮಾತು ಬಿದ್ದ ಆ ಅಡುಗೆಯನ್ನು ಅವಳು ಮತ್ತೆ ಯಾರಿಗೂ ಬಡಿಸುತ್ತಿರಲಿಲ್ಲ. ಒಮ್ಮೆ ಯಾರೋ ಬೇಳೆ ಹಳಸಿದೆ ಎಂದಾಗ, ಅದು ಆಗಷ್ಟೇ ಇಳಿಸಿದ ಬೇಳೆಯಾಗಿದ್ದರೂ, ಅಷ್ಟನ್ನೂ ಚೆಲ್ಲಿ ಹೊಸದಾಗಿ ಬೇಯಿಸಿದ್ದಳು.

ಈಗ ಅವನ ವಿಷಯ. ಶೇಖಣ್ಣ ಪಕ್ಕದ ಕಾರ್ಖಾನೆಯ ಸೂಪರ್‌ವೈಸರ್. ಆರು ವರ್ಷ ನಮ್ಮ ಬಾಗಿಲ ಪಕ್ಕದ ಜಾಗದಲ್ಲಿ ಕೂತು ಉಂಡವನು. ಎಣ್ಣೆಗಾಯಿಯ ದಿನ ನಾಲ್ಕು ರೊಟ್ಟಿ ಜಾಸ್ತಿ. "ಅಕ್ಕಾರ, ನಿಮ್ಮ ಕೈಯಾಗ ನಮ್ಮವ್ವನ ರುಚಿ ಐತ್ರಿ" ಎಂದು ಅವನು ಕಣ್ಣು ಒದ್ದೆ ಮಾಡಿಕೊಂಡದ್ದನ್ನು ನಾನೇ ನೋಡಿದ್ದೇನೆ. ನಿಜವಾಗಿಯೂ ಒದ್ದೆ ಮಾಡಿಕೊಂಡಿದ್ದ, ಸುಳ್ಳು ಹೇಳುವುದಿಲ್ಲ. ಅವನು ಒಲೆಯ ತನಕ ಬಂದು ಕೂತು, ಗುರೆಳ್ಳು ಎಷ್ಟು, ಶೇಂಗಾ ಎಷ್ಟು, ಬದನೆಕಾಯಿ ಯಾವಾಗ ತಿರುವಬೇಕು ಎಂದು ಕೇಳಿದರೆ ಅವ್ವ ಒಂದನ್ನೂ ಮುಚ್ಚಿಡದೆ ಹೇಳುತ್ತಿದ್ದಳು. ತನ್ನ ಅಡುಗೆ ಕಲಿಯಲು ಬಂದ ತಮ್ಮ ಎಂದು ಹಿಗ್ಗುತ್ತಿದ್ದಳು. ನಾನಾಗ ಚಿಕ್ಕವಳು, ಒಲೆಯ ಹತ್ತಿರ ಬಂದರೆ "ಆಡ್ಕೋ ಹೋಗವಾ" ಎಂದು ಹೊರಗೆ ಕಳಿಸುತ್ತಿದ್ದಳು.

ಅದೊಂದು ಗುರುವಾರದ ಮಧ್ಯಾಹ್ನ, ಶಾಲೆಗೆ ಬೇಸಿಗೆ ರಜೆ ಇತ್ತು. ಶೇಖಣ್ಣ ಬೇಗನೆ ಉಂಡ. ಅವ್ವ "ಹೊಟ್ಟಿ ತುಂಬಿತೇನಪಾ?" ಎಂದು ಕೇಳುವುದಕ್ಕೂ ಅವನು ಎದ್ದು ಚಪ್ಪಲಿ ಮೆಟ್ಟುವುದಕ್ಕೂ ಸರಿಹೋಯಿತು. ಉತ್ತರ ಕೊಡಲಿಲ್ಲ. ಅವಸರ ಇರಬೇಕು ಎಂದು ಅವ್ವ ಅಂದಳು. ಅರ್ಧ ಗಂಟೆಯ ಮೇಲೆ ಎರಡನೆಯ ಪಂಕ್ತಿ ಕೂತಾಗ, ಗದಗದ ಕಡೆಯ ಒಬ್ಬ ವೆಲ್ಡರ್ ತಟ್ಟೆ ಮುಟ್ಟದೆ ಕೇಳಿದ: "ಅಕ್ಕಾರ, ಎಣ್ಣೆಗಾಯಿಯಾಗ ಹಲ್ಲಿ ಬಿದ್ದಿತ್ತಂತಲ್ರಿ?" ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದರು, ಆಣೆ ಮಾಡುತ್ತಿದ್ದರು, ತಾವೇ ಎರಡು ತುತ್ತು ತಿಂದು ತೋರಿಸುತ್ತಿದ್ದರು. ನನ್ನ ಅವ್ವ ಒಂದು ಮಾತೂ ಆಡದೆ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಎದುರಿನ ಮೋರಿಗೆ ಸುರಿದಳು. ಎಣ್ಣೆ ತೇಲುವ ಇಡೀ ಇಡೀ ಬದನೆಕಾಯಿಗಳು ಕಪ್ಪು ನೀರಿನಲ್ಲಿ ಉರುಳಿಹೋದದ್ದು ಈಗಲೂ ಕಣ್ಣ ಮುಂದಿದೆ. ಪಾತ್ರೆ ತಿಕ್ಕಿ, "ಅರ್ಧ ತಾಸು ಕುಂದರ್ರಿ, ಹೊಸಾದು ಮಾಡತೀನಿ" ಎಂದು ಈಳಿಗೆಮಣೆ ಎಳೆದುಕೊಂಡಳು. ಅವಳು ತಲೆಯೆತ್ತಿ ನೋಡುವಷ್ಟರಲ್ಲಿ ಚಾಪೆ ಖಾಲಿ. ಚೆಲ್ಲಿದಳು ಎಂದರೆ ಹಲ್ಲಿ ಬಿದ್ದದ್ದು ಖರೆ ಎಂದು ಅವರೆಲ್ಲ ತಿಳಿದುಬಿಟ್ಟಿದ್ದರು.

ಮರುದಿನ ಅವ್ವ ಎಂದಿನಷ್ಟೇ ರೊಟ್ಟಿ ಬಡಿದಳು. ಯಾರೂ ಬರಲಿಲ್ಲ. ಊಟದ ಸೈರನ್ ಕೂಗಿತು, ಗೇಟಿನಿಂದ ಹೊರಬಿದ್ದವರು ನಮ್ಮ ಬಾಗಿಲಿನ ಕಡೆ ನೋಡದೆ ಚಹದಂಗಡಿಗೆ, ಮೆಸ್ಸಿಗೆ ಹಂಚಿಹೋದರು. ಎರಡು ಗಂಟೆ, ಮೂರು ಗಂಟೆ. ಅವ್ವ ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದಳು. ನನಗೆ ಅಳು ಬಂತು. ನಾನೇ ಚಾಪೆಯ ಮೇಲೆ ಕೂತು ಒಂದು, ಎರಡು, ಮೂರು ರೊಟ್ಟಿ ತಿಂದೆ, ನಾಲ್ಕನೆಯದು ಗಂಟಲಲ್ಲಿ ಇಳಿಯದೆ ನೀರು ಕುಡಿದು ನೂಕಿದೆ. "ತುಂಬಿತ್ರಿ ಅಕ್ಕಾರ" ಎಂದೆ. ಹಾಗೆಂದರೆ ಅವಳು ಉಣ್ಣುತ್ತಾಳೆ ಎಂದು ನನ್ನ ಲೆಕ್ಕಾಚಾರ. ಅವ್ವ ನಕ್ಕಳು, ನನ್ನ ಬಾಯಿ ಒರೆಸಿದಳು. "ನೀ ಮಗಳವಾ, ಗಿರಾಕಿ ಅಲ್ಲ. ನಿಂದು ನಡೆಯೂದಿಲ್ಲ" ಎಂದಳು. ಅವತ್ತು ಅವಳು ಉಣ್ಣಲಿಲ್ಲ.

ಆ ಮಾತನ್ನು ಹುಟ್ಟಿಸಿದವರು ಯಾರೆಂದು ಸೆಲ್ವಿ ಅಕ್ಕ ಬಂದು ಹೇಳಿದಳು. "ಫ್ಯಾಕ್ಟ್ರಿ ಗೇಟಲ್ಲಿ ನಿಂತ್ಕೊಂಡು ಆ ಶೇಖಣ್ಣಾನೇ ಎಲ್ರಿಗೂ ಹೇಳ್ತಿದ್ದ ಅಕ್ಕಾ, ಕಣ್ಣಾರೆ ನೋಡ್ದೆ ಅಂತ. ನಾನೇ ಕೇಳಿಸ್ಕೊಂಡೆ." ಅವ್ವ ನಂಬಲಿಲ್ಲ. ತಿಂಗಳೊಳಗೆ ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಅವನ ಖಾನಾವಳಿ ಶುರುವಾಯಿತು. ಮೊದಲ ದಿನವೇ ಎಣ್ಣೆಗಾಯಿ. ಆಗಲೂ ಅವ್ವ ಬೈಯಲಿಲ್ಲ, ಒಲೆಯ ಮೇಲೆ ಹಂಚನ್ನು ಬೋರಲು ಹಾಕಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದಳು. ಸಾಯುವವರೆಗೆ ನಮ್ಮಿಬ್ಬರಿಗಾಗಿ ರೊಟ್ಟಿ ಬಡಿದಳು, ಕಾಳಿನ ಪಲ್ಯ ಮಾಡಿದಳು, ಆದರೆ ಎಣ್ಣೆಗಾಯಿ ಮಾತ್ರ ಮಾಡಲಿಲ್ಲ. ನಾನು ಬದನೆಕಾಯಿ ತಂದರೆ ಸುಮ್ಮನೆ ಹೆಚ್ಚಿ ಸಾರಿಗೆ ಹಾಕುತ್ತಿದ್ದಳು. ಅವ್ವ ಕ್ಷಮಿಸಿದ್ದಳು ಎಂದು ಜನ ಅನ್ನುತ್ತಾರೆ. ಕ್ಷಮಿಸಿದವಳು ಎಣ್ಣೆಗಾಯಿ ಮಾಡುತ್ತಿರಲಿಲ್ಲವೇ? ಇರಲಿ. ನಾನಂತೂ ಅವಳಷ್ಟು ದೊಡ್ಡವಳಲ್ಲ, ಆಗುವ ಆಸೆಯೂ ನನಗಿಲ್ಲ.

ಮಾಲಿನ ಆ ಹೋಟೆಲಿನಲ್ಲಿ ಗಾಜಿನ ಗೋಡೆಯ ಹಿಂದೆ ಇಬ್ಬರು ಹೆಂಗಸರು ರೊಟ್ಟಿ ಬಡಿಯುತ್ತಿದ್ದರು, ಜನ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತಿದ್ದರು. ನಾವು ಕೂತಾಗ ಮೂರು ಗಂಟೆ ದಾಟಿತ್ತು. ನಮ್ಮದೇ ಕೊನೆಯ ಟೇಬಲ್ಲು. ಇಳಕಲ್ ಸೀರೆಯುಟ್ಟು ಬಡಿಸುತ್ತಿದ್ದ ಹೆಂಗಸು ಅಭಿಮಾನದಿಂದ ಹೇಳಿದಳು: "ನಮ್ ಸಾಹುಕಾರ್ರು ಇಲ್ಲಿರೋ ದಿನ ತಾವೇ ಬಂದು ಹೊಟ್ಟೆ ತುಂಬ್ತಾ ಅಂತ ಕೇಳ್ತಾರೆ ಮೇಡಂ. ಕಡೇ ಟೇಬಲ್ನೋರು ತುಂಬ್ತು ಅನ್ನೋ ತನಕ ಅವ್ರು ಊಟ ಮುಟ್ಟಲ್ಲ." ಕದ್ದದ್ದರಲ್ಲಿ ಇದೊಂದನ್ನು ಅವನು ಶ್ರದ್ಧೆಯಿಂದ ಪಾಲಿಸುತ್ತಿದ್ದ. ಅಷ್ಟರಲ್ಲಿ ಎಣ್ಣೆಗಾಯಿ ಬಂತು. ಮೊದಲ ತುತ್ತಿಗೇ ನನ್ನ ಕೈ ನಿಂತಿತು. ಚೆನ್ನಾಗಿರಬಾರದು ಎಂದು ಹಾರೈಸಿಕೊಂಡೇ ಬಾಯಿಗಿಟ್ಟಿದ್ದೆ. ಅದು ಅವ್ವನದೇ ಆಗಿತ್ತು. ಗುರೆಳ್ಳಿನ ಕಹಿ, ಕೊನೆಗೆ ಬರುವ ಹುಣಸೆಯ ಹುಳಿ, ಒಂದಿಷ್ಟೂ ಆಚೀಚೆಯಾಗಿರಲಿಲ್ಲ. ಇಷ್ಟು ವರ್ಷ ನಾನು ಮರೆತಿದ್ದೇನೆಂದುಕೊಂಡಿದ್ದ ರುಚಿ. ತಲೆ ತಗ್ಗಿಸಿ ತಿಂದೆ, ಕಣ್ಣೀರನ್ನು ಖಾರದ ಮೇಲೆ ಹಾಕಿದೆ.

ಅವನು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ರೊಟ್ಟಿಯ ಬುಟ್ಟಿ. "ಹೊಟ್ಟಿ ತುಂಬಿತೇನ್ರಿ?" ಎಂದು ಒಬ್ಬೊಬ್ಬರನ್ನೂ ಕೇಳಿದ. ಜೊತೆಯವರೆಲ್ಲ "ಸೂಪರ್ ಸಾರ್, ತುಂಬ್ತು" ಎಂದರು. ನನ್ನ ಸರದಿ ಬಂದಾಗ ನಾನು, "ತುಂಬಿಲ್ರಿ" ಎಂದೆ. ಅವನು ಖುಷಿಯಿಂದಲೇ ಒಂದು ರೊಟ್ಟಿ ಹಾಕಿದ. "ಇನ್ನೊಂದ್ ಹಾಕ್ಲೇನವಾ?"

"ರೊಟ್ಟಿ ಬ್ಯಾಡ್ರಿ. ಪೀಣ್ಯಾದಾಗ ನಮ್ಮವ್ವನ ಎಣ್ಣೆಗಾಯಿಯಾಗ ಹಲ್ಲಿ ಬಿದ್ದಿತ್ತಂತಲ್ಲ, ಅದು ಖರೇ ಏನು, ಹೇಳ್ರಿ."

ಅವನು ನನ್ನ ಮುಖ ನೋಡಿದ. "ಗಂಗೂ?" ಎಂದ. "ಅಕ್ಕಾರು ಹೆಂಗದಾರವಾ?"

"ಹೋದ್ರು. ಬಿದ್ದಿತ್ತೋ ಇಲ್ಲೋ ಅಷ್ಟ ಹೇಳ್ರಿ. ಇಲ್ಲಿರೋರೆಲ್ಲ ಕೇಳೂಹಂಗ ಹೇಳ್ರಿ."

ಅವನು ಬಡಿಸುವ ಹೆಂಗಸಿನ ಕಡೆ ನೋಡಿದ, ಗಾಜಿನ ಹಿಂದೆ ಕೈ ನಿಲ್ಲಿಸಿದವರ ಕಡೆ ನೋಡಿದ, ನನ್ನ ಆಫೀಸಿನವರ ಕಡೆ ನೋಡಿದ. ಒಂದು ಶಬ್ದ ಸಾಕಿತ್ತು. ಇಲ್ಲ ಎಂದಿದ್ದರೆ ಸಾಕಿತ್ತು, ಬಹುಶಃ ನಾನು ಅಲ್ಲೇ ಕರಗಿಬಿಡುತ್ತಿದ್ದೆ. ಅವನು ಬಗ್ಗಿ, ನನಗಷ್ಟೇ ಕೇಳುವಂತೆ, "ಹಳೇ ಮಾತವಾ, ಬಿಡು. ಉಣ್ಣು" ಎಂದ.

ನಾನು ಎದ್ದು ಕೈತೊಳೆದುಕೊಂಡೆ. ಬಾಗಿಲ ತನಕ ಅವನು ಬುಟ್ಟಿ ಹಿಡಿದೇ ಹಿಂದೆ ಬಂದ. "ತುಂಬಿತು ಅಂತ ಒಂದ್ ಮಾತು ಅಂದು ಹೋಗವಾ" ಎಂದ. ನಾನು ತಿರುಗಿ ನೋಡಲಿಲ್ಲ. ಅವ್ವ ಅವತ್ತು ಉಪವಾಸ ಕೂತಿದ್ದಳು, ಇವತ್ತು ಅವನು ಕೂರಲಿ. ಎಸ್ಕಲೇಟರ್ ಇಳಿಯುವಾಗ ರೊಟ್ಟಿಯ ವಾಸನೆ ಮೊದಲನೆಯ ಮಹಡಿಯವರೆಗೂ ಜೊತೆಗೆ ಬಂತು. ಕೈತೊಳೆದಿದ್ದರೂ ನನ್ನ ಬೆರಳಿಗೆ ಇನ್ನೂ ಎಣ್ಣೆಗಾಯಿಯ ವಾಸನೆ ಅಂಟಿತ್ತು. ಅವ್ವ ನನಗೆ ಕಲಿಸದೆ ಹೋದದ್ದು, ಈಗ ಈ ಲೋಕದಲ್ಲಿ ಅವನ ಪಾತ್ರೆಯಲ್ಲಿ ಮಾತ್ರ ಉಳಿದಿರುವುದು. ನಾನು ಅವನಿಗೆ ಹೇಳಿದ್ದು ಸುಳ್ಳಾಗಿರಲಿಲ್ಲ. ನನ್ನ ಹೊಟ್ಟೆ ತುಂಬಿರಲಿಲ್ಲ.