ಹೋಲ್ಡಾನ್ ಎಂದರೂ ನಿಲ್ಲದ ರೈಲು

ನಮ್ಮ ಸೋದರಮಾವನ ಪ್ರಕಾರ ಊರಿನಿಂದ ಮುಂಬೈ ಪಕ್ಕದ ಡೊಂಬಿವಲಿಗೆ ಬಂದವರಿಗೆ ಬರುವ ಕಾಯಿಲೆ ಒಂದೇ: ಗ್ಯಾಸು. ನಿದ್ರೆ ಬಾರದಿದ್ದರೆ ಗ್ಯಾಸು, ಎದೆ ಡವಡವಗುಟ್ಟಿದರೆ ಗ್ಯಾಸು, ಸುಮ್ಮನೆ ಕಣ್ಣೀರು ಬಂದರೂ ಗ್ಯಾಸು. ಉಡುಪಿ ಹೋಟೆಲು ನಡೆಸುತ್ತಿದ್ದ ಅವರ ಅಡುಗೆಮನೆಯಲ್ಲಿ ಇದಕ್ಕೆ ಮದ್ದೂ ಸಿದ್ಧವಿರುತ್ತಿತ್ತು, ಓಮದ ಕಷಾಯ.

ಕಾರ್ಕಳದ ಕಡೆಯ ಹಳ್ಳಿಯಿಂದ ಬಂದ ನನ್ನ ಚಿಕ್ಕಮ್ಮನ ಮಗ ರಬಾಳೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ನನ್ನಂತೆಯೇ ಮಾವನ ಮನೆಯಲ್ಲಿ ಉಳಿದ. ಸ್ವಲ್ಪ ದಿನದಲ್ಲೇ ಅವನ ಊಟ ನಿಂತಿತು, ಮಾತು ನಿಂತಿತು. ಕಷಾಯ ಮಾತ್ರ ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಥಾಣೆ ಸ್ಟೇಷನ್ನಿನತ್ತ ಹೊರಟ ಫಾಸ್ಟ್ ಲೋಕಲ್ ರೈಲಿನ ಬಾಗಿಲ ಬಳಿ ಇಬ್ಬರೂ ಅಪ್ಪಚ್ಚಿಯಾಗಿ ನಿಂತಿದ್ದೆವು. ಪಾರಸಿಕ್ ಸುರಂಗದ ಕತ್ತಲಲ್ಲಿ ಅವನು ಏದುಸಿರು ಬಿಡುವುದು ನನಗೆ ಕೇಳುತ್ತಿತ್ತು. ಸುರಂಗ ಮುಗಿದು ಹಳಿಯ ಪಕ್ಕದಲ್ಲಿ ಕಳವಾ ಸ್ಟೇಷನ್ ಕಡೆಯ ಮನೆಗಳು ಕಂಡದ್ದೇ ತಡ, ಕೈಯೆತ್ತಿ ಕೂಗಿದ: "ಹೋಲ್ಡಾನ್! ಇಳೀಲಿಕ್ಕುಂಟು!"

ಊರಿನ ಬಸ್ಸಿನಲ್ಲಿ ಹಾಗೆ ಕೂಗಿದರೆ ಕಂಡಕ್ಟರ್ ಸೀಟಿ ಊದುತ್ತಾನೆ, ಮನೆಯ ಗೇಟಿನೆದುರೇ ಬಸ್ಸು ನಿಲ್ಲುತ್ತದೆ. ಅದು ಪೂರ್ತಿ ನಿಲ್ಲುವ ಮೊದಲೇ ಇಳಿದುಬಿಡುವುದು ನಮ್ಮೆಲ್ಲರ ರೂಢಿ. ಇವನೂ ಕಾಲು ಹೊರಗಿಟ್ಟ.

ನನ್ನ ಕೈಗೆ ಸಿಕ್ಕಿದ್ದು ಅವನ ಕಾಲರು. ಕಂಬಗಳು ಅವನ ತಲೆಯ ಪಕ್ಕದಲ್ಲೇ ಸರ್ರನೆ ಹೋಗುತ್ತಿದ್ದವು. ಇನ್ಯಾರೋ ಸೊಂಟ ಹಿಡಿದರು. ಸೇರಿ ಒಳಗೆಳೆದುಕೊಂಡೆವು.

"ಅರೇ, ಬಸ್ ಸಮ್‌ಝಾ ಕ್ಯಾ?" ಎಂದರು ಯಾರೋ. ರೈಲು ಡಬ್ಬಿಯೆಲ್ಲ ನಕ್ಕಿತು. ಜೀವ ಉಳಿಸಿದ ಮೇಲೆ ಇಷ್ಟಾದರೂ ಮನರಂಜನೆ ಬೇಡವೇ? ಥಾಣೆಯಲ್ಲಿ ಇಳಿದ ಮೇಲೂ ನಾನು ಅವನ ಕಾಲರು ಬಿಟ್ಟಿರಲಿಲ್ಲ. ಈಗಲೂ ಬಾಗಿಲಲ್ಲಿ ನಿಂತವರ ಕಾಲರು ಕಂಡರೆ ಹೊಲಿಗೆ ಗಟ್ಟಿ ಉಂಟೋ ಎಂದು ನೋಡುತ್ತೇನೆ.

"ಇವನನ್ನು ಮನಸ್ಸಿನ ಡಾಕ್ಟ್ರಿಗೆ ತೋರಿಸುವ, ಮಾವ," ಎಂದೆ ಆ ರಾತ್ರಿ.

"ಮೆಲ್ಲ ಮಾತಾಡು ಮಾರಾಯ! ನೆರೂಳಿನ ನಂಟರ ಕಿವಿಗೆ ಬಿದ್ರೆ ಊರಿಡೀ ಗೊತ್ತಾಗ್ತದೆ. ನಾಳೆ ಇವನಿಗೆ ಹೆಣ್ಣು ಯಾರು ಕೊಡ್ತಾರೆ?"

"ಕೊಡ್ಲಿಕ್ಕೆ ಹುಡುಗ ಜೀವಂತ ಇರ್ಬೇಕಲ್ಲ?"

ಮಾವ ಕಷಾಯದ ಪಾತ್ರೆಯನ್ನು ಒಲೆಯಿಂದ ಇಳಿಸಿದರು. ಅದೇ ಒಪ್ಪಿಗೆ ಎಂದುಕೊಂಡು ಅವನನ್ನು ಥಾಣೆಯ ಡಾಕ್ಟರೊಬ್ಬರ ಬಳಿ ಕರೆದೊಯ್ದೆ. ಅವರು ಅವನನ್ನು ಮಾತಾಡಲು ಬಿಟ್ಟರು. ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ ಚಿಕಿತ್ಸೆ ಅದು. ಮಾತ್ರೆಯನ್ನೂ ಕೊಟ್ಟರು. ಮೆಲ್ಲಮೆಲ್ಲನೆ ಅವನಿಗೆ ನಿದ್ರೆ ಹತ್ತಿತು. ಅವನು ಎರಡನೇ ಸಲ ಅನ್ನ ಬಡಿಸಿಕೊಂಡ ದಿನ ಅತ್ತೆ ಅತ್ತರು.

ಆಮೇಲೊಂದು ಮಧ್ಯಾಹ್ನ ಮಾವ ಗಲ್ಲಾದ ಹತ್ತಿರ ನನ್ನನ್ನು ಕರೆದು, ಗಿರಾಕಿಗಳಿಗೆ ಕೇಳಿಸದಂತೆ ವಿಚಾರಿಸಿದರು: "ಆ ಡಾಕ್ಟ್ರು ಸಾಯಂಕಾಲ ಸಿಗ್ತಾರಾ?"

"ಯಾರಿಗೆ ಮಾವ?"

"ನಂಗೇ ಮಾರಾಯ. ಇಲ್ಲಿಗೆ ಬಂದ ಮೇಲೆ ಸರಿಯಾಗಿ ಮಲಗಿದ್ದೇ ನೆನಪಿಲ್ಲ."