ಬೇಸಿಗೆಯಲ್ಲಿ ಬಂದ ಗೌರಿ ಬಾಗಿನ

ಗೌರಿ ಹಬ್ಬಕ್ಕೆ ಇನ್ನೂ ತಿಂಗಳುಗಟ್ಟಲೆ ಬಾಕಿಯಿತ್ತು. ಶ್ರೀನಿವಾಸಪುರದ ಆದಿಲಕ್ಷ್ಮಮ್ಮ ಅಂಗಳದಲ್ಲಿ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದರು. ಆಗ ಟೇಕಲ್‌ನಿಂದ ತಮ್ಮ ಮುನಿರಾಮಪ್ಪ ಬೈಕಿನಲ್ಲಿ ಬಂದಿಳಿದ. ಕೈಯಲ್ಲಿ ಮೊರದ ಬಾಗಿನ, ಮೇಲೊಂದು ರೇಷ್ಮೆ ಸೀರೆ. ಹಬ್ಬದ ದಿನವೇ ಬಾಗಿನ ತರಲು ಮರೆಯುತ್ತಿದ್ದ ಆಸಾಮಿ!

"ಏನ್ಲಾ, ಈ ವರ್ಷ ಗೌರಮ್ಮ ಬಿಸಿಲಿಗೇ ಬಂದುಬಿಟ್ಟಳಾ?"

"ತವರಿನ ಪ್ರೀತಿಗೆ ಕಾಲ ನೋಡ್ತಾರೇನಕ್ಕಾ?"

ನೋಡುತ್ತಾರೆ. ನಮ್ಮ ಗಂಡಸರಿಗೆ ಅಕ್ಕತಂಗಿಯರ ಮೇಲೆ ಪ್ರೀತಿ ಉಕ್ಕುವುದು ಜಮೀನಿಗೆ ಗಿರಾಕಿ ಸಿಕ್ಕಾಗ. ತೀರಿಹೋದ ಅಪ್ಪನ ಜಮೀನು ಕೊಳ್ಳಲು ಬಂದವನು, ಅಕ್ಕ ಹಕ್ಕು ಬಿಟ್ಟು ಸಹಿ ಹಾಕದಿದ್ದರೆ ಮುಟ್ಟುವುದೇ ಇಲ್ಲ ಎಂದಿದ್ದ.

ಇವರಮ್ಮ ಮುನಿಶಾಮಮ್ಮನನ್ನೂ ಅಣ್ಣಂದಿರು ಹೀಗೇ ಮಾಲೂರಿನ ನೋಂದಣಿ ಕಚೇರಿಗೆ ಕರೆದೊಯ್ದು, ಹೆಬ್ಬೆಟ್ಟು ಒತ್ತಿಸಿ, ಮಸಾಲೆ ದೋಸೆ ಕೊಡಿಸಿದ್ದರು. ದೋಸೆ ಚೆನ್ನಾಗಿತ್ತು ಎಂದು ಆಯಮ್ಮ ಸಾಯುವ ತನಕ ಹೇಳುತ್ತಿದ್ದರು. ಎರಡು ಸಾವಿರದ ಐದರಲ್ಲಿ, ಮಗಳಿಗೂ ಮಗನಷ್ಟೇ ಪಾಲು ಎಂದಿತು ಕಾನೂನು. ಟೇಕಲ್‌ನಲ್ಲಿ ರೈಲು ನಿಲ್ಲುತ್ತದೆ. ಆ ಕಾನೂನು ಮಾತ್ರ ದೆಹಲಿಯಿಂದ ನಡೆದುಕೊಂಡೇ ಬರುತ್ತಿದೆ.

ತಮ್ಮ ಸಹಿಯ ಮಾತೆತ್ತಿದಾಗ ಆದಿಲಕ್ಷ್ಮಮ್ಮ ಹೆಚ್ಚುವುದನ್ನು ನಿಲ್ಲಿಸದೆ ಹೇಳಿದರು: "ಬಾವಿ ಪಕ್ಕದ ಹಿಪ್ಪುನೇರಳೆ ತೋಟ ನನಗೆ ಕೊಡು, ಕಡ್ಡಿ ನೆಟ್ಟೋಳು ನಾನು. ಮಿಕ್ಕಿದ್ದು ನೀನೇ ಮಾರ್ಕೋ."

"ಪಾಲು ಕೇಳಿದ್ರೆ ತವರಿನ ಬಾಗಿಲು ಮುಚ್ಚೋಗ್ತದೆ ಕಣಕ್ಕಾ."

"ಮುಚ್ಚು. ಅರ್ಧ ಬಾಗಿಲು ನಂದು, ಅದು ತೆಗೆದೇ ಇರ್ತದೆ."

ಸೀರೆ ಬಂದ ದಾರಿಯಲ್ಲೇ ವಾಪಸಾಯಿತು. ಬೈಕಿನ ಸದ್ದು ಅಡಗಿದ ಮೇಲೆ ಆದಿಲಕ್ಷ್ಮಮ್ಮ ಒಲೆ ಮುಂದೆ ಕೂತು ಅತ್ತರು. ತೋಟ ಸಿಕ್ಕಿ ತಮ್ಮ ಕೈತಪ್ಪಿದರೆ?

ಗಿರಾಕಿ ಎಲ್ಲಿ ಓಡಿಹೋಗುತ್ತಾನೋ ಎಂದು ಹೆದರಿ ಮುನಿರಾಮಪ್ಪ ಕೊನೆಗೆ ತೋಟ ಬರೆದುಕೊಟ್ಟ. ಮಾತು ಬಿಟ್ಟ.

ನಿಜವಾದ ಗೌರಿ ಹಬ್ಬದ ದಿನ ಬಾಗಿನ ತಂದವಳು ಅವನ ಮಗಳು ಮಾನಸ. ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು.

"ಅತ್ತೇ, ನಾಳೆ ನನ್ನ ತಮ್ಮನೂ ಬೇಸಿಗೇಲಿ ಸೀರೆ ತಂದ್ರೆ ಏನನ್ನಬೇಕು ಅಂತ ಕಲಿತ್ಕೊಂಡೆ."

"ಅದಿರಲಿ, ನಿನ್ನನ್ನ ಯಾರು ಕರ್ಕೊಂಡು ಬಂದ್ರೇ?"

ಮಾನಸ ನಗುತ್ತಾ ಗೇಟಿನತ್ತ ನೋಡಿದಳು. ಹೊರಗೆ ಬೈಕಿನ ಮೇಲೆ ಮುನಿರಾಮಪ್ಪ ಮುಖ ಆಚೆ ತಿರುಗಿಸಿ ಕೂತಿದ್ದ.

"ಒಳಕ್ಕೆ ಬಾರ್ಲಾ, ಒಬ್ಬಟ್ಟು ಆರೋಗ್ತದೆ," ಎಂದು ಕೂಗಿದರು ಆದಿಲಕ್ಷ್ಮಮ್ಮ. "ಹೆದರಬೇಡ, ನಾನೇನೂ ಸಹಿ ಕೇಳಲ್ಲ!"